ಸಹಿ ಬಿದ್ದ ಕಾರ್ಡಿಗೆ ಬೆಲೆ ಇಲ್ವಂತೆ!

ಆರ್ಲ್ಯಾಂಡೋ ಬಳಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2012ರಿಂದ 2021ರವರೆಗೆ ‘ಸಾರ್ಸರರ್ಸ್’ ಅಂತ ಒಂದು ಆಟ ಇತ್ತು. ಟಿಕೆಟ್ ತಗೊಂಡು ಹೋದವರಿಗೆ ದಿನಕ್ಕೆ ಐದು ಕಾರ್ಡು ಪುಕ್ಕಟೆ. ನಾವು ಹೋದಾಗ ಮಗಳು ಆಟ ಆಡಲೇ ಇಲ್ಲ. ಇಡೀ ದಿನ ಕ್ಯೂನಲ್ಲಿ ನಿಂತು ಕಾರ್ಡುಗಳ ಮೇಲೆ ಸಹಿ ಹಾಕಿಸಿಕೊಂಡಳು!

ಬರೆದರೆ ಕಾರ್ಡಿನ ಬೆಲೆ ಬಿತ್ತು ಅಂತಾರೆ ಸಂಗ್ರಹಕಾರರು. ವೇಷದೊಳಗೆ ಯಾರೋ, ಸಹಿಯೇ ಸುಳ್ಳು ಅಂತಾರೆ ಇನ್ನು ಕೆಲವರು. ನಾನು ಒಪ್ಪಲ್ಲ. ಒಳಗೆ ಯಾರೇ ಇರಲಿ, ಗೂಫಿಯ ಸಹಿ ಗೂಫಿಯದೇ ಥರ ಇರಬೇಕು. ಅದನ್ನು ಕಲಿತೇ ಬರ್ತಾರೆ. ಅದೂ ಬಾಯಿಬಿಡದೆ, ಆ ದಪ್ಪ ಕೈಗವಸಿನಲ್ಲಿ! (ಹೋಗುವವರು ದಪ್ಪ ಮಾರ್ಕರ್ ಒಯ್ಯಿರಿ, ಸಣ್ಣ ಪೆನ್ನು ಅವರ ಕೈಗೆ ನಿಲ್ಲಲ್ಲ.) ನಮ್ಮ ಯಕ್ಷಗಾನದ ವೇಷಕ್ಕೆ ಕೊಡುವ ಮರ್ಯಾದೆ ಇದಕ್ಕೇಕಿಲ್ಲ?

ಹೊಸದಾಗೇ ಇಟ್ಟು ಮಾರುವವರು ಮಾರಲಿ. ನಮ್ಮ ಕಾರ್ಡೊಂದರ ಮೇಲೆ ಐಸ್‌ಕ್ರೀಮ್ ಕಲೆಯೂ ಇದೆ.