ಗಾಜಿನ ಕಾರ್ಡ್ ಚೆಂದ, ಆದ್ರೆ ಅದರ ಮೇಲಿನ ಕನ್ನಡ ಓದೋಕಾಗುತ್ತಾ?

ಟೈಲ್‌ವಿಂಡ್ ಕನ್ನಡದಲ್ಲಿ | ಭಾಗ 9

ದೊಡ್ಡನೆಕ್ಕುಂದಿ, ಮಾರತ್ತಹಳ್ಳಿ ಕಡೆ ಪಿಜಿ, ಮೆಸ್, ಟ್ಯೂಷನ್ ಸೆಂಟರ್‌ಗಳಿಗೆ ವೆಬ್‌ಪೇಜ್ ಮಾಡಿಕೊಡೋ ಸ್ಟೂಡೆಂಟ್ಸ್‌ಗೆ ಈ ಭಾಗ. ನಾನು ಬಿಕಾಂ, ಇಂಜಿನಿಯರಿಂಗ್ ಅಲ್ಲ. ಆದ್ರೆ ಈ ವಿಷಯ ನಿಜವಾಗ್ಲೂ ಲೆಕ್ಕದ್ದೇ.

ಆ ಡಿಸೈನ್ ನಿಮಗೂ ಗೊತ್ತಿರುತ್ತೆ. ಹಿಂದೆ ಒಂದು ದೊಡ್ಡ ಫೋಟೋ, ಮುಂದೆ ಮಂಜು ಹಿಡಿದ ಗಾಜಿನಂಥ ಕಾರ್ಡ್, ಅದರ ಮೇಲೆ ಬಾಡಿಗೆ, ಅಡ್ವಾನ್ಸ್, ಊಟದ ಟೈಮಿಂಗ್. ಲ್ಯಾಪ್‌ಟಾಪಲ್ಲಿ ಸೂಪರ್. ಮಧ್ಯಾಹ್ನದ ಬಿಸಿಲಲ್ಲಿ ರಿಂಗ್ ರೋಡ್ ಬಸ್ ಸ್ಟಾಪಲ್ಲಿ ನಿಂತು, ಗೀರು ಬಿದ್ದ ಫೋನಲ್ಲಿ ಓದೋರಿಗೆ?

ಮೊದಲು ಗೊಂದಲ ಬಿಡಿಸ್ಕೊಳ್ಳೋಣ. ಮೂರು ಕ್ಲಾಸ್, ಮೂರು ಬೇರೆ ಕೆಲಸ:

1. ಒಪ್ಯಾಸಿಟಿ-80: ಇಡೀ ಕಾರ್ಡೇ ತೆಳುವಾಗುತ್ತೆ. ಅಕ್ಷರವೂ ಸೇರಿ. ಬರಹ ಇರೋ ಕಡೆ ಹಾಕಲೇಬೇಡಿ.

2. ಬಿಜಿ-ವೈಟ್/80: ಕಾರ್ಡಿನ ಬಣ್ಣ ಮಾತ್ರ ತೆಳುವಾಗುತ್ತೆ, ಅಕ್ಷರ ಗಟ್ಟಿಯಾಗೇ ಇರುತ್ತೆ. ನಿಮಗೆ ಬೇಕಿರೋದು ಹೆಚ್ಚಾಗಿ ಇದೇ. (ಹಳೇ ವಿಡಿಯೋಗಳಲ್ಲಿ ಹೇಳೋ ಬಿಜಿ-ಒಪ್ಯಾಸಿಟಿ ಕ್ಲಾಸನ್ನ 2025ರಲ್ಲಿ ಬಂದ 4ನೇ ಆವೃತ್ತಿಯಲ್ಲಿ ತೆಗೆದಿದ್ದಾರೆ.)

3. ಬ್ಯಾಕ್‌ಡ್ರಾಪ್-ಒಪ್ಯಾಸಿಟಿ-50: ತುಂಬಾ ಜನ ಎಡವೋದು ಇಲ್ಲೇ. ಇದು ಕಾರ್ಡನ್ನ ತೆಳು ಮಾಡಲ್ಲ, ಫಿಲ್ಟರನ್ನ ತೆಳು ಮಾಡುತ್ತೆ. ಬ್ಲರ್ ಆದ ಚಿತ್ರ ಒಂದು ಪದರದ ಥರ ಅಸಲಿ ಚಿತ್ರದ ಮೇಲೆ ಕೂತಿರುತ್ತೆ. 50 ಕೊಟ್ರೆ ಆ ಪದರದ ಮೂಲಕ ಅಸಲಿ ಚಿತ್ರವೂ ಅರ್ಧ ಕಾಣುತ್ತೆ. ಬ್ಲರ್, ಇನ್ವರ್ಟ್ ಏನೂ ಇಲ್ದೆ ಇದೊಂದನ್ನೇ ಹಾಕಿದ್ರೆ ಕಣ್ಣಿಗೆ ಏನೂ ಬದಲಾಗಲ್ಲ. ಬರಹದ ಹಿಂದೆ ಇದನ್ನ ಕಡಿಮೆ ಮಾಡಿದಷ್ಟೂ ಫೋಟೋದ ಚೂಪು ಗೆರೆಗಳು ವಾಪಸ್ ಬಂದು ಅಕ್ಷರದ ಜೊತೆ ಜಗಳಕ್ಕೆ ನಿಲ್ತವೆ.

ಈಗ ಲೆಕ್ಕ. ವೆಬ್‌ಗೆ ಡಬ್ಲ್ಯೂಸಿಎಜಿ ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಬೇಕು. ಪೂರ್ತಿ ಕಪ್ಪು ಫೋಟೋ ಮೇಲೆ ಬಿಜಿ-ವೈಟ್/20 ಕಾರ್ಡ್ ಇಟ್ಟು ಕಪ್ಪು ಅಕ್ಷರ ಬರೆದ್ರೆ ಸಿಗೋದು ಸುಮಾರು 1.7. ಅದೇ ಕಾರ್ಡ್ ಬಿಳಿ ಗೋಡೆ ಮೇಲೆ ಬಂದ್ರೆ 21! ಒಂದೇ ಕಾರ್ಡ್, ಸ್ಕ್ರಾಲ್ ಮಾಡಿದ ಹಾಗೆ ಬೇರೆ ಬೇರೆ ಫಲಿತಾಂಶ. ಬಿಜಿ-ವೈಟ್/80 ಮಾಡಿ, ಕಪ್ಪು ಫೋಟೋ ಮೇಲೂ ಸುಮಾರು 13 ಸಿಗುತ್ತೆ.

ಅಕೌಂಟೆನ್ಸಿಯಲ್ಲಿ ನಮಗೆ ಹೇಳಿಕೊಡೋದು ಇದೇ ಅಲ್ವಾ? ಬರದೇ ಇರೋ ಲಾಭವನ್ನ ಬರ್ಕೋಬೇಡ, ಆಗಬಹುದಾದ ನಷ್ಟಕ್ಕೆ ಮೊದಲೇ ಪ್ರಾವಿಷನ್ ಇಡು. ಡಿಸೈನಲ್ಲೂ ಅಷ್ಟೇ: ಒಳ್ಳೇ ಫೋಟೋ ನಂಬ್ಕೊಂಡು ಪರ್ಸೆಂಟೇಜ್ ಇಡಬೇಡಿ, ಅತಿ ಕೆಟ್ಟ ಫೋಟೋಗೆ ಇಡಿ.

ಕನ್ನಡಕ್ಕೆ ಇದು ಇನ್ನೂ ಮುಖ್ಯ. ನಮ್ಮ ಲಿಪಿಯಲ್ಲಿ ಸಣ್ಣ ಗುರುತುಗಳ ಮೇಲೆ ಅರ್ಥ ನಿಂತಿದೆ. ದನ ಮತ್ತು ಧನ, ಇವೆರಡರ ನಡುವೆ ಇರೋದು ಅಕ್ಷರದ ಬುಡದ ಒಂದು ಸೀಳು. ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಮಾಡಿದ ಡೆಮೊ ನೋಡಿ ಅದೇ ಸೈಜ್, ಅದೇ ಗಾಜು ಕಾಪಿ ಮಾಡಿದ್ರೆ ಮೊದಲು ಕರಗಿ ಹೋಗೋದೇ ಈ ಗುರುತುಗಳು.

ಅಂಗಡಿ ಬೋರ್ಡಲ್ಲಿ ಶೇ. 60 ಕನ್ನಡ ಇರಲೇಬೇಕು ಅಂತ 2024ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂತು. ಒಳ್ಳೇದೇ. ಆದ್ರೆ ಅದೇ ಅಂಗಡಿಯ ಪೇಜಲ್ಲಿ ಕನ್ನಡ ಇದ್ದೂ ಓದೋಕಾಗದಿದ್ರೆ ಏನು ಪ್ರಯೋಜನ? ಆಗ ಓದುಗರು ಇಂಗ್ಲಿಷ್ ಬಟನ್ ಒತ್ತುತ್ತಾರೆ. ಆಮೇಲೆ ನಾವೇ "ಕನ್ನಡ ವರ್ಷನ್ ಯಾರೂ ನೋಡಲ್ಲ ಬಿಡಿ" ಅಂತೀವಿ.

ಗಾಜೇ ಬೇಡ ಅಂತ ನಾನು ಹೇಳ್ತಿಲ್ಲ. ಫೋಟೋ ಗ್ಯಾಲರಿ ಮೇಲಿನ ಐಕಾನ್‌ಗಳಿಗೆ, ಪಾಪ್‌ಅಪ್ ಹಿಂದಿನ ಪರದೆಗೆ ಅದು ಚೆನ್ನಾಗೇ ಒಪ್ಪುತ್ತೆ. ಆದ್ರೆ ಆ್ಯಪಲ್ಲೇ 2025ರ ಜೂನ್‌ನಲ್ಲಿ ಲಿಕ್ವಿಡ್ ಗ್ಲಾಸ್ ತೋರಿಸಿದಾಗ "ಓದೋಕಾಗ್ತಿಲ್ಲ" ಅಂತ ದೂರು ಬಂತು. ಆಮೇಲೆ ಐಒಎಸ್ 26.1ರಲ್ಲಿ ಗಾಜನ್ನ ಗಟ್ಟಿ ಮಾಡೋ 'ಟಿಂಟೆಡ್' ಆಯ್ಕೆ ಕೊಟ್ರು. ಅಷ್ಟು ದೊಡ್ಡ ಕಂಪನಿಯೇ ಒಂದು ಹೆಜ್ಜೆ ಹಿಂದೆ ಇಟ್ಟಿದೆ, ನಮ್ಮ ಮೆಸ್ ಮೆನುಗೆ ಯಾಕೆ ಹಠ?

ಹಾಗಾಗಿ ನನ್ನ ರೂಲ್: ಬೆಲೆ, ಫೋನ್ ನಂಬರ್, ವಿಳಾಸ, ಷರತ್ತು ಇರೋ ಕಾರ್ಡಿಗೆ ಬಿಜಿ-ವೈಟ್/80ಕ್ಕಿಂತ ಕಡಿಮೆ ಬೇಡ. ಬ್ಯಾಕ್‌ಡ್ರಾಪ್-ಒಪ್ಯಾಸಿಟಿ ಮುಟ್ಟೋದೇ ಬೇಡ. ಪೇಜ್ ಕೊಡೋ ಮುಂಚೆ ಫೋನ್ ಹಿಡ್ಕೊಂಡು ಟೆರೇಸ್‌ಗೆ ಹೋಗಿ, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಅಮ್ಮನ ಕೈಗೆ ಕೊಟ್ಟು ಜೋರಾಗಿ ಓದ್ಸಿ. ಅವರು ಎಲ್ಲಿ ತಡವರಿಸ್ತಾರೋ ಅಲ್ಲಿ ಪರ್ಸೆಂಟೇಜ್ ಏರಿಸಿ.

ಸೇವ್ ಮಾಡ್ಕೊಳ್ಳಿ. ಭಾಗ 10ರಲ್ಲಿ ಕನ್ನಡ ಫಾಂಟ್‌ಗೆ ಲೈನ್-ಹೈಟ್ ಎಷ್ಟಿರಬೇಕು ನೋಡೋಣ.

#ಟೈಲ್‌ವಿಂಡ್ಕನ್ನಡದಲ್ಲಿ #ವೆಬ್‌ಡಿಸೈನ್ #ದೊಡ್ಡನೆಕ್ಕುಂದಿ