ಸೇನೆಯ ಸೇವೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ



ಕಳೆದ ತಿಂಗಳು ಸಮೀರವಾಡಿ ಭಾಗದ ಒಂದು ಮನೆಯಲ್ಲಿ ಆಕಳ ಕೆಚ್ಚಲು ಬಾವಿಗೆ ಚಿಕಿತ್ಸೆ ಮಾಡಿ ಕೈ ತೊಳೆಯುತ್ತಿದ್ದೆ. ಮನೆಯಾಕೆ ಒಂದು ಅರ್ಜಿ ತಂದು ತೋರಿಸಿದರು. "ಡಾಕ್ಟರ್ರೀ, ನಮ್ಮ ಮನಿಯವ್ರು ಮಿಲಿಟ್ರಿಯಿಂದ ಬಂದು ಆರು ತಿಂಗಳಾತು. ಪೆನ್ಶನ್ ಬರತೈತಿ, ಇವಗ್ಯಾಕ ನೌಕರಿ ಅಂತಾರ್ರೀ. ಅದಕ್ಕ ಈ ಸಲ ಅದನ್ನ ಬರೀಬ್ಯಾಡ್ರಿ ಅಂದೇನಿ" ಎಂದರು. ಅರ್ಜಿಯಲ್ಲಿ ಹದಿನೇಳು ವರ್ಷ ಖಾಲಿ ಇತ್ತು.

"ಅಕ್ಕಾ, ಬರಸ್ರಿ" ಎಂದೆ. ನನ್ನ ಅನುಭವವೇ ಅದಕ್ಕೆ ಕಾರಣ.

ನಾನು ಸೇನೆಯ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನಲ್ಲಿ ಐದು ವರ್ಷ ಅಲ್ಪಾವಧಿ ಸೇವೆ ಮಾಡಿದವನು. ಕುದುರೆ, ಹೇಸರಗತ್ತೆ, ನಾಯಿಗಳ ಆರೈಕೆ ಆ ದಳದ ಕೆಲಸ. 2016ರಲ್ಲಿ ನಮ್ಮ ಮುಧೋಳ ನಾಯಿಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದದ್ದು ಅದೇ ದಳ. ವಾಪಸು ಬಂದು ಒಂದು ಖಾಸಗಿ ಕಂಪನಿಗೆ ಅರ್ಜಿ ಹಾಕಿದಾಗ, ಆಕಳು-ಎಮ್ಮೆ ನೋಡಿದವನಲ್ಲ ಎಂದುಕೊಂಡಾರು ಎಂದು ಆ ಐದು ವರ್ಷ ಬರೆಯಲಿಲ್ಲ. ಸಂದರ್ಶನದಲ್ಲಿ "ಐದು ವರ್ಷ ಎಲ್ಲಿದ್ದಿರಿ?" ಎಂದರು. ನಿಜ ಹೇಳಿದೆ. "ಮತ್ತೆ ಬರೆಯಲಿಲ್ಲ ಏಕೆ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಲಸವೂ ಸಿಗಲಿಲ್ಲ.

ಸಂತೆಯಲ್ಲಿ ಆಕಳು ಕೊಳ್ಳುವಾಗ ಎಷ್ಟನೇ ಸೂಲು, ಕೆಚ್ಚಲು ಬಾವು ಬಂದಿತ್ತೇ ಎಂದು ನೀವು ಕೇಳುತ್ತೀರಿ. ಮಾರುವವ ತಡವರಿಸಿದರೆ ಆಕಳು ಒಳ್ಳೆಯದಿದ್ದರೂ ಮುಂದೆ ಹೋಗುತ್ತೀರಿ. ಅರ್ಜಿ ನೋಡುವವರೂ ಹಾಗೆಯೇ.

ಮುಚ್ಚಿಟ್ಟರೆ ಹಕ್ಕಿನ ನಷ್ಟವೂ ಉಂಟು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ ಇದೆ. ಗರಿಷ್ಠ ವಯೋಮಿತಿಗೆ ಸೇವೆಯ ವರ್ಷಗಳ ಜೊತೆ ಇನ್ನೂ 3 ವರ್ಷ ಸೇರುತ್ತದೆ. ಇವೆಲ್ಲ ಅರ್ಜಿಯಲ್ಲಿ ಕೇಳಿಕೊಂಡವರಿಗೆ ಮಾತ್ರ. ಡಿಸ್ಚಾರ್ಜ್ ಬುಕ್ ಜೋಪಾನವಾಗಿಡಿ. ಸಂದೇಹವಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿ.

ಇಲ್ಲದ್ದನ್ನು ಬರೆಯುವುದೂ ತಪ್ಪು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಗರಿಷ್ಠ ಶೇ. 25 ಜನರಷ್ಟೇ ಮುಂದುವರಿಯುತ್ತಾರೆ. ಮರಳಿ ಬರುವ ಅಗ್ನಿವೀರರಿಗೆ ಯೋಜನೆಯ ಪ್ರಕಾರ ಮಾಜಿ ಸೈನಿಕ ಸ್ಥಾನಮಾನವಿಲ್ಲ. ಅವರು ಆ ಮೀಸಲಾತಿ ಕೇಳದೆ, ನಾಲ್ಕು ವರ್ಷವನ್ನು ಅನುಭವದ ಕಾಲಮಿನಲ್ಲಿ ಬರೆಯಲಿ, ಕೌಶಲ ಪ್ರಮಾಣಪತ್ರ ಲಗತ್ತಿಸಲಿ.

"ಸೈನ್ಯದಲ್ಲಿದ್ದೆ" ಎಂದಷ್ಟೇ ಬರೆದರೆ ಸಾಲದು. ಟ್ರಕ್ ಓಡಿಸಿದರೋ, ಉಗ್ರಾಣದ ಲೆಕ್ಕ ಬರೆದರೋ, ಜನರೇಟರ್ ದುರಸ್ತಿ ಮಾಡಿದರೋ, ಬಿಡಿಸಿ ಬರೆಯಲಿ. ಬಲ್ಕ್ ಕೂಲರ್ ಇರುವ ಸಂಘಕ್ಕೆ ಜನರೇಟರ್ ಬಲ್ಲವರು ಬೇಕಲ್ಲವೇ?

ಕೊನೆಯದಾಗಿ, ಮಹಿಳಾ ಸಂಘಗಳ ಆಡಳಿತ ಮಂಡಳಿಯಲ್ಲಿರುವ ಸಹೋದರಿಯರಿಗೆ ಒಂದು ಮಾತು. ಕಾರ್ಯದರ್ಶಿ, ಹಾಲು ಪರೀಕ್ಷಕರ ಅರ್ಜಿ ನೋಡುವವರು ನೀವು. "ಪೆನ್ಶನ್ ಐತಲ್ಲ" ಎಂದು ಬದಿಗಿಡಬೇಡಿ. ಪೆನ್ಶನ್ ಮುಗಿದ ದುಡಿಮೆಯ ಫಲ. ಹೊಸ ಕೆಲಸಕ್ಕೆ ನೋಡಬೇಕಾದ್ದು ಯೋಗ್ಯತೆ. ನಾವು ಹೀಗೆ ಬದಿಗಿಟ್ಟರೆ ಮುಂದಿನವರು ಮುಚ್ಚಿಡುವುದನ್ನೇ ಕಲಿಯುತ್ತಾರೆ.

ಆ ಅಕ್ಕ ಅರ್ಜಿಯನ್ನು ಹೊಸದಾಗಿ ಬರೆಸಿದ್ದಾರೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಹದಿನೇಳು ವರ್ಷದ ಜಾಗ ಈಗ ಖಾಲಿ ಇಲ್ಲ.

– ಪಶುವೈದ್ಯಾಧಿಕಾರಿ