ನಮ್ಮ ಮುಪ್ಪಿಗೆ ನಮ್ಮದೇ ಗಂಟು



ಹೋದ ವರ್ಷ ನಮ್ಮ ಅತ್ತೆಯವರಿಗೆ ಹೊಸ ಕನ್ನಡಕ ಬೇಕಾಯಿತು. ಮಗನ ಹತ್ತಿರ ರೊಕ್ಕ ಕೇಳಲು ಮೂರು ದಿನ ಹಿಂದೆಮುಂದೆ ನೋಡಿದರು. ಕಡೆಗೆ ಕೇಳಿದ್ದೂ ನೆಲ ನೋಡಿಕೊಂಡೇ. ನಮ್ಮ ಯಜಮಾನರು ಇಲ್ಲವೆನ್ನಲಿಲ್ಲ, ಕೊಟ್ಟರು. ಆದರೆ ನಲವತ್ತು ವರ್ಷ ಶಹಾಪುರದ ಹೊಲದಲ್ಲಿ ಹತ್ತಿ ಬಿಡಿಸಿದ ಕೈ, ಮನೆಮಂದಿಗೆಲ್ಲ ರೊಟ್ಟಿ ಬಡಿದ ಕೈ, ತನ್ನದೆನ್ನುವ ನೂರು ರೂಪಾಯಿ ಇಲ್ಲದೆ ಚಾಚಬೇಕಾಯಿತಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನಗೀಗ ನಲವತ್ತಾರು. ನೌಕರಿ ಇಲ್ಲ, ಪಿಂಚಣಿ ಎಲ್ಲಿಂದ ಬಂತು? ನಿಮ್ಮಲ್ಲಿ ಭಾಳ ಮಂದಿಯ ಕಥೆಯೂ ಇದೇ ಅಲ್ಲವೆ?

ಅಂದಿನಿಂದ ಉಳಿತಾಯದ ಲೆಕ್ಕ ಕಲಿಯಲು ಕೂತೆ. ನಾನು ಓದಿದ್ದು ಹೈಸ್ಕೂಲು. ಅಷ್ಟು ಸಾಕು ಎಂದು ಧೈರ್ಯವಾಗಿ ಹೇಳುತ್ತೇನೆ.

ಮೊದಲು 72ರ ಲೆಕ್ಕ. 72ನ್ನು ಬಡ್ಡಿ ದರದಿಂದ ಭಾಗಿಸಿರಿ. ನೂರಕ್ಕೆ 8 ಬಡ್ಡಿ ಕೂಡುತ್ತ ಹೋದರೆ ರೊಕ್ಕ ಸುಮಾರು 9 ವರ್ಷಕ್ಕೆ ಎರಡರಷ್ಟಾಗುತ್ತದೆ. ತುಟ್ಟಿಗೂ ಇದೇ ಲೆಕ್ಕ. ಬೆಲೆಗಳು ವರ್ಷಕ್ಕೆ ನೂರಕ್ಕೆ 6 ಏರಿದರೆ 12 ವರ್ಷದಲ್ಲಿ ಎರಡರಷ್ಟು. ಅಂದರೆ ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟ ಹತ್ತು ಸಾವಿರವನ್ನು ಯಾರೂ ಕದಿಯದಿದ್ದರೂ, ಅದು ತರುವ ಸಾಮಾನು ಅರ್ಧಕ್ಕಿಳಿಯುತ್ತದೆ!

ಎರಡನೆಯದು ನಮ್ಮ ರೈತರಿಗೆ ಗೊತ್ತಿದ್ದದ್ದೇ. ಹೊಲದಲ್ಲಿ ತೊಗರಿಯ ಜೊತೆಗೆ ಹೆಸರನ್ನೂ ಬಿತ್ತುತ್ತಾರೆ. ಹೆಸರು ಬೇಗ ಕೈಗೆ ಬರುತ್ತದೆ, ತೊಗರಿ ಸಂಕ್ರಾಂತಿ ಹೊತ್ತಿಗೆ. ರೊಕ್ಕವನ್ನೂ ಹಾಗೇ ಹಂಚಬೇಕು. ಜಡ್ಡು ಜಾಪತ್ರೆಗೆಂದು ಕೆಲವು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿರಲಿ. ಐದು ವರ್ಷದ ಮುಂದಿನ ಖರ್ಚಿಗೆ ಅಂಚೆಯ ಆರ್‌ಡಿ. ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು. ಮುಪ್ಪಿಗೆ ಪಿಪಿಎಫ್.

ಪಿಪಿಎಫ್ ಖಾತೆಯನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಅವಧಿ 15 ವರ್ಷ. ಏಳನೆಯ ವರ್ಷದಿಂದ ಒಂದಿಷ್ಟು ಭಾಗ ತೆಗೆಯಬಹುದು. ಬಡ್ಡಿ ದರವನ್ನು ಸರಕಾರ ಮೂರು ತಿಂಗಳಿಗೊಮ್ಮೆ ಗೊತ್ತುಮಾಡುತ್ತದೆ. 2020ರ ಏಪ್ರಿಲ್‌ನಿಂದ 2025ರವರೆಗೂ ನೂರಕ್ಕೆ 7.1 ಇತ್ತು. ಅದೇ ದರ ಉಳಿದರೆ ತಿಂಗಳಿಗೆ 1,000 ಕಟ್ಟಿದವರ 1,80,000 ರೂಪಾಯಿ 15 ವರ್ಷಕ್ಕೆ ಸುಮಾರು 3,15,000 ಆಗುತ್ತದೆ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟಿರಿ, ಆ ತಿಂಗಳ ಬಡ್ಡಿಯೂ ಸಿಗುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುವ ಸೋದರಿಯರು, ಬಂದಾಗಲೆಲ್ಲ ಅದರಲ್ಲಿ 500 ಆದರೂ ಎತ್ತಿಟ್ಟರೆ ಆಯಿತು. ಹನಿ ಹನಿ ಕೂಡಿದರೆ ಹಳ್ಳ.

ಮನೆಯಲ್ಲಿ ಮಗಳೋ ಸೊಸೆಯೋ ಇದ್ದರೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯ ಬಗ್ಗೆ ಹೇಳಿರಿ. 60ರ ನಂತರ ತಿಂಗಳಿಗೆ 5,000 ಪಿಂಚಣಿ ಬೇಕೆಂದರೆ, 18ನೇ ವಯಸ್ಸಿಗೆ ಸೇರಿದವಳು ತಿಂಗಳಿಗೆ 210 ರೂಪಾಯಿ ಕಟ್ಟುತ್ತಾಳೆ, 40ಕ್ಕೆ ಸೇರಿದವಳು 1,454! ತಡಮಾಡಿದ್ದಕ್ಕೆ ತೆರುವ ದಂಡ ನೋಡಿದಿರಾ? ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಇದಕ್ಕೆ ಸೇರಲು ಅವಕಾಶವಿಲ್ಲ. ನನ್ನಂತೆ ನಲವತ್ತು ದಾಟಿದವರಿಗೂ ಬಾಗಿಲು ಮುಚ್ಚಿದೆ. ನಮಗೆ ಎನ್‌ಪಿಎಸ್ ಉಂಟು. ಅದರಲ್ಲಿ ರೊಕ್ಕದ ಒಂದು ಪಾಲು ಷೇರು ಪೇಟೆಗೂ ಹೋಗುತ್ತದೆ. ಆದ್ದರಿಂದ ಹೆಚ್ಚು ಬೆಳೆಯಬಹುದು, ಒಂದೊಂದು ವರ್ಷ ಇಳಿಯಲೂಬಹುದು. ತಿಳಿದು ಹಾಕಿರಿ.

ಇನ್ನು ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಕೆಲ ವರ್ಷದ ಹಿಂದೆ ಪರಿಚಯದವರ ಚೀಟಿಗೆ ಮನೆಯವರಿಗೂ ಹೇಳದೆ ರೊಕ್ಕ ಕಟ್ಟಿದೆ. ಒಂದು ಮುಂಜಾನೆ ಅವರ ಬಾಗಿಲಿಗೆ ಬೀಗ! ನನ್ನ 12,000 ಹೋಯಿತು. ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ, ಯಾರನ್ನು ಕೇಳಲಿ? 1982ರ ಕಾಯ್ದೆಯ ಪ್ರಕಾರ ಚೀಟಿಗೂ ನೋಂದಣಿ ಬೇಕೆಂಬುದು ನನಗೆ ತಿಳಿದದ್ದು ಆಮೇಲೆ. ಬ್ಯಾಂಕಿನಲ್ಲಾದರೆ, 2020ರಿಂದ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇನೆಂದು ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸಿರಿ, ರೊಕ್ಕ ಕೊಡಬೇಡಿರಿ.

ಕೊನೆಯ ಮಾತು. ಖಾತೆ ನಿಮ್ಮ ಹೆಸರಿನಲ್ಲಿರಲಿ, ನಾಮಿನಿ ಹೆಸರು ಬರೆಸಿರಿ, ಪಾಸ್‌ಬುಕ್ ಎಲ್ಲಿದೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಇದು ಗಂಡ ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಪ್ರೀತಿಯಿಂದ ಕೊಡುವ ಮಗನಿದ್ದರೂ ಕೇಳುವಾಗ ತಲೆ ತಗ್ಗುತ್ತದೆ, ಅಷ್ಟೆ.

ಮೊನ್ನೆ ಅತ್ತೆಯವರನ್ನೂ ಅಂಚೆ ಕಚೇರಿಗೆ ಕರೆದೊಯ್ದು ಉಳಿತಾಯ ಖಾತೆ ತೆರೆಸಿದೆ. ಹೊಸ ಕನ್ನಡಕ ಹಾಕಿಕೊಂಡು ಪಾಸ್‌ಬುಕ್ಕಿನಲ್ಲಿ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. "ಇದು ನಂದೇ ಏನವ್ವ?" ಎಂದು ಕೇಳಿದರು.

ನಿಮ್ಮದೂ ಒಂದು ಇರಲಿ, ಸೋದರಿಯರೇ. ಈ ತಿಂಗಳೇ ಹೋಗಿ ಬನ್ನಿ.